ಲೋಹ ಹಿಡಿಯುವ ಸೂಕ್ಷ್ಮಜೀವಿಗಳೂ ನಮ್ಮ ತೋಟದ ತಾಮ್ರವೂ



ಸಿಂಧನೂರು, ಲಿಂಗಸುಗೂರು, ಮಸ್ಕಿ ಎಂದರೆ ನಮ್ಮ ಕಾಫಿ-ಅಡಿಕೆ ತೋಟಗಳಿಗೆ ಬಲು ದೂರದ ಬಯಲುಸೀಮೆ. ಆದರೂ ನಮ್ಮ ಮಲೆನಾಡಿನ ಮಳೆನೀರೇ ತುಂಗಭದ್ರೆಯಾಗಿ, ಎಡದಂಡೆ ಕಾಲುವೆಯ ಮೂಲಕ ಸಿಂಧನೂರಿನ ಭತ್ತದ ಗದ್ದೆಗಳನ್ನು ತಲುಪುತ್ತದೆ. ಆ ಸೀಮೆಯಿಂದ ನಾವು ಕಲಿಯಬೇಕಾದ ಪಾಠವೊಂದಿದೆ.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಿಂದ ಮಸ್ಕಿಯ ಕಡೆಗೆ ಚಿನ್ನದ ಶಿಲಾಪಟ್ಟಿ ಹಬ್ಬಿದೆ. 1915ರಲ್ಲಿ ಮಸ್ಕಿಯ ಅಶೋಕ ಶಾಸನವನ್ನು ಕಂಡವರೂ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅವರೇ. ಇಂಥ ಶಿಲೆಗಳಲ್ಲಿ ಚಿನ್ನದ ಜೊತೆಗೆ ಆರ್ಸೆನಿಕ್ ಎಂಬ ವಿಷವೂ ಇರುವುದುಂಟು. ಕೃಷ್ಣೆಯ ಆಚೆ, ಸುರಪುರ ಸೀಮೆಯ ಕಿರದಳ್ಳಿ ತಾಂಡಾದಲ್ಲಿ ಅಂತರ್ಜಲದ ಆರ್ಸೆನಿಕ್‌ನಿಂದ ಜನರ ಚರ್ಮಕ್ಕೆ ವ್ಯಾಧಿ ತಗುಲಿದ್ದನ್ನು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿತು. ಆ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅಳೆಯುವವರೆಗೆ ಯಾರಿಗೂ ತಿಳಿಯುವಂತಿರಲಿಲ್ಲ.

ಅಲ್ಲಿ ಲೋಹ ಬಂಡೆಯಿಂದ ಬಂತು, ನಮ್ಮಲ್ಲಿ ನಾವೇ ಸಿಂಪಡಿಸುತ್ತಿದ್ದೇವೆ. ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ವರದಿ ಪ್ರಕಟಿಸಿದ ಕಾಲದಿಂದ ಬೋರ್ಡೋ ದ್ರಾವಣ ನಮ್ಮ ಬೆಳೆಯನ್ನು ಕಾಯುತ್ತ ಬಂದಿದೆ. ಅದನ್ನು ಬಿಡಿ ಎಂದು ನಾವು ಹೇಳುವುದಿಲ್ಲ. ಆದರೆ ಶೇಕಡಾ 1ರ ದ್ರಾವಣದ 100 ಲೀಟರಿಗೆ ಹಾಕುವ 1 ಕಿಲೋ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರವಿರುತ್ತದೆ. ತಾಮ್ರ ಕೊಳೆಯುವ ವಸ್ತುವಲ್ಲ, ಮೇಲ್ಮಣ್ಣಿನಲ್ಲಿಯೇ ಕೂಡುತ್ತದೆ. ಮಿತಿಮೀರಿದರೆ ಎರೆಹುಳುವಿಗೂ ಮಣ್ಣಿನ ಜೀವಾಣುಗಳಿಗೂ ಕೇಡು. ನಮ್ಮ ಎಷ್ಟು ತೋಟಗಳ ಮಣ್ಣಿನಲ್ಲಿ ತಾಮ್ರವನ್ನು ಅಳೆಸಿದ್ದೇವೆ?

ಮಣ್ಣಿನ ತಾಮ್ರವನ್ನು ಪ್ರಯೋಗಾಲಯದ ಅಟಾಮಿಕ್ ಅಬ್ಸಾರ್ಪ್ಷನ್ ಉಪಕರಣ ನೇರವಾಗಿಯೇ ಅಳೆಯಬಲ್ಲದು. ಕಷ್ಟವಿರುವುದು ಕುಡಿಯುವ ನೀರಿನಲ್ಲಿ. ಸೀಸಕ್ಕೆ ಭಾರತೀಯ ಮಾನಕದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಜ್ವಾಲೆಯಿಂದ ನಡೆಯುವ ಸಾಧಾರಣ ಉಪಕರಣಕ್ಕೆ ಇಷ್ಟು ಕಡಿಮೆ ಪ್ರಮಾಣ ಸರಿಯಾಗಿ ಕಾಣುವುದಿಲ್ಲ. ಇನ್ನೂ ಸೂಕ್ಷ್ಮವಾದ ಯಂತ್ರಗಳಿಗೆ ಬೆಲೆ ಹೆಚ್ಚು.

ಇಲ್ಲಿ ಸೂಕ್ಷ್ಮಜೀವಿಗಳು ನೆರವಿಗೆ ಬರುತ್ತವೆ. ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟ್‌ನ ಕೋಶಭಿತ್ತಿಗೆ ತಾಮ್ರ, ಸೀಸ, ಕ್ಯಾಡ್ಮಿಯಂಗಳನ್ನು ಅಂಟಿಸಿಕೊಳ್ಳುವ ಗುಣವಿದೆ. ಕೋಶ ಸತ್ತಿದ್ದರೂ ಆ ಗುಣ ಉಳಿಯುತ್ತದೆ. ಒಣಗಿಸಿದ ಯೀಸ್ಟನ್ನು ಮರಳಿನಂಥ ಕಣಗಳ ಮೇಲೆ ನಿಲ್ಲಿಸಿ, ಗಾಜಿನ ಕೊಳವೆಯಲ್ಲಿ ತುಂಬಿ, ಹುಳಿ-ಕ್ಷಾರಗಳನ್ನು ಹದ ಮಾಡಿದ ಅರ್ಧ ಲೀಟರ್ ನೀರನ್ನು ನಿಧಾನವಾಗಿ ಹಾಯಿಸುತ್ತಾರೆ. ಲೋಹ ಕೊಳವೆಯಲ್ಲಿ ನಿಲ್ಲುತ್ತದೆ. ಬಳಿಕ 5 ಮಿಲಿಲೀಟರ್ ದುರ್ಬಲ ಆಮ್ಲದಿಂದ ಅದನ್ನು ಬಿಡಿಸಿಕೊಂಡರೆ ಲೋಹ 100 ಪಟ್ಟು ಸಾಂದ್ರವಾಗುತ್ತದೆ. ಆಗ ಸಾಧಾರಣ ಉಪಕರಣವೇ ಸಾಕು.

ಇದರ ಮಿತಿಯನ್ನೂ ತಿಳಿದಿರತಕ್ಕದ್ದು. ನೀರಿನಲ್ಲಿ ಆರ್ಸೆನಿಕ್‌ನ ಸ್ವಭಾವವೇ ಬೇರೆಯಾದ್ದರಿಂದ ಸೀಸದಂತೆ ಅದು ಯೀಸ್ಟ್‌ಗೆ ಸುಲಭವಾಗಿ ಅಂಟದು. ಅದಕ್ಕೆ ಬೇರೆ ಉಪಚಾರ ಬೇಕು. ಅಲ್ಲದೆ ಇದು ಅಳತೆಯ ಉಪಾಯವೇ ಹೊರತು ಶುದ್ಧೀಕರಣವಲ್ಲ. ಜೀವಾಣು ಪುಡಿ ಎರಚಿದರೆ ತೋಟದ ತಾಮ್ರ ಮಾಯವಾಗುತ್ತದೆಂದು ಯಾರಾದರೂ ಮಾರಲು ಬಂದರೆ ನಂಬಬೇಡಿ. ಜೀವಾಣು ಹಿಡಿದ ಲೋಹವೂ ಅದೇ ಮಣ್ಣಿನಲ್ಲಿಯೇ ಇರುತ್ತದೆ.

"ಪರೀಕ್ಷೆಯಲ್ಲಿ ಲೋಹ ಕಂಡರೆ ಮಾಲಿನ ಬೆಲೆ ಬಿದ್ದೀತು" ಎಂಬ ಅಂಜಿಕೆ ನಮ್ಮಲ್ಲಿ ಕೆಲವರಿಗಿದೆ. ಅಂಜಿಕೆ ಸಹಜವೇ. ಆದರೆ ಕೊಳ್ಳುವವನು ತನ್ನ ಪ್ರಯೋಗಾಲಯದಲ್ಲಿ ಕಂಡುಹಿಡಿದು ನಮಗೆ ಹೇಳುವುದಕ್ಕಿಂತ, ನಾವೇ ಮೊದಲು ತಿಳಿದು ಸಿಂಪಡಣೆಯನ್ನು ಹದಕ್ಕೆ ತರುವುದು ಲೇಸಲ್ಲವೇ?

ಆದಕಾರಣ ಹಳೆಯ ತೋಟಗಳ ಮೇಲ್ಮಣ್ಣನ್ನೂ ಬಾವಿಯ ನೀರನ್ನೂ ಸಂಗ್ರಹಿಸಿ ಪರೀಕ್ಷೆಗೆ ಕಳುಹಿಸುವ ಕೆಲಸವನ್ನು ಸಹಕಾರ ಸಂಘಗಳು ಕೈಗೆತ್ತಿಕೊಳ್ಳಬೇಕು. ಒಬ್ಬ ಸಣ್ಣ ಹಿಡುವಳಿದಾರನಿಗೆ ಭಾರವಾಗುವ ಖರ್ಚು ನೂರು ಜನ ಕೂಡಿದರೆ ಹಗುರಾದೀತು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರವೂ ರಾಯಚೂರಿನ ಕೃಷಿ ವಿಶ್ವವಿದ್ಯಾಲಯವೂ ಈ ಯೀಸ್ಟ್ ಕೊಳವೆಯ ವಿಧಾನವನ್ನು ನಮ್ಮ ನೀರಿನಲ್ಲಿಯೇ ಪರೀಕ್ಷಿಸಿ ನೋಡಲಿ ಎಂದು ಒತ್ತಾಯಿಸೋಣ. ಬರುವ ಮಹಾಸಭೆಯಲ್ಲಿ ಸದಸ್ಯರು ಈ ವಿಷಯವನ್ನು ಎತ್ತಬೇಕೆಂದು ನಮ್ಮ ವಿನಂತಿ.