ಯಾವ ದಿನದ ಒರಿಜಿನಲ್?

ಹಳೆಯ ಜಾವಾ ಬೈಕೊಂದನ್ನು ಕೊಂಡು, ಪೂರ್ತಿ ಬಿಚ್ಚಿಸಿ, ಬಣ್ಣ ಹೊಡೆಸಿ, ಕನ್ನಡಿಯಂತೆ ಹೊಳೆಯಿಸಿ ನಿಲ್ಲಿಸಿದವರು ಹೆಮ್ಮೆಯಿಂದ ಹೇಳುವುದು ಒಂದೇ ಮಾತು: "ಎಲ್ಲಾ ಒರಿಜಿನಲ್ ಸಾರ್, ಒಂದು ನಟ್ಟೂ ಬೇರೆ ಇಲ್ಲ." ಅವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೂ ಕೇಳಬೇಕೆನಿಸುತ್ತದೆ: ಯಾವ ದಿನದ ಒರಿಜಿನಲ್? ಕಾರ್ಖಾನೆಯ ಗೇಟು ದಾಟಿದ ದಿನದ್ದೋ, ಮೊದಲ ಮಾಲೀಕರು ಹಾಲಿನ ಕ್ಯಾನು ಕಟ್ಟಲು ಕ್ಯಾರಿಯರ್ ಹಾಕಿಸಿದ ದಿನದ್ದೋ, ಅರ್ಧ ಶತಮಾನ ಓಡಿ ನಿಮ್ಮ ಅಂಗಳಕ್ಕೆ ಬಂದ ದಿನದ್ದೋ?

ಈ ತಕರಾರು ಬೈಕಿಗಷ್ಟೇ ಸೇರಿದ್ದಲ್ಲ. ಹಳೆಯದನ್ನು ಉಳಿಸುವುದು ಎಂದರೆ ಅದರ ಹುಟ್ಟಿದ ದಿನವನ್ನು ಮರಳಿ ತರುವುದೋ, ಅದು ಬಾಳಿಕೊಂಡು ಬಂದದ್ದನ್ನು ಮುಂದುವರಿಸುವುದೋ? ನನ್ನ ಪಕ್ಷವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯ ಷೆಡ್ಡಿನಲ್ಲಿ ಕೂತು, ತನ್ನ ಅನುಕೂಲಕ್ಕೆ ಅಲ್ಲೊಂದು ಇಲ್ಲೊಂದು ಬದಲಾಯಿಸಿಕೊಂಡು ಗಾಡಿ ಓಡಿಸುವವನು, ಲಕ್ಷಗಟ್ಟಲೆ ಸುರಿದು ಶೋರೂಮಿನ ಹೊಳಪು ತರಿಸುವವನಿಗಿಂತ ಹಳೆಯದನ್ನು ಹೆಚ್ಚು ಉಳಿಸುತ್ತಾನೆ. ರೆಸ್ಟೊರೇಶನ್ ಮಾಡಿಸಿದವರು ಮಾಡಿಫಿಕೇಶನ್ ಮಾಡಿದವರನ್ನು ನೋಡಿ ಮೂಗು ಮುರಿಯುವುದು ರೂಢಿ. ಮೂಗು ಮುರಿಯುವ ಹಕ್ಕು ಯಾರಿಗಿದೆ ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಜಾವಾದ ವಿಷಯದಲ್ಲಿ 'ಮೂಲ' ಎಂಬುದು ಮೊದಲಿನಿಂದಲೂ ಕೈಗೆ ಸಿಗದೆ ಜಾರುತ್ತಲೇ ಬಂದಿದೆ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಜೆಕ್ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ಲಿನ ವಿನ್ಯಾಸವನ್ನು ಕೊಂಡುಕೊಂಡು ತಯಾರಿಕೆಗೆ ಇಳಿದರು. ಮೊಟ್ಟಮೊದಲ ಜಾವಾ ಇನ್ನೊಬ್ಬರ ಗಾಡಿ ಎಂದಂತಾಯಿತು. ಮೂರು ದಶಕಗಳ ಬಳಿಕ ಅದರ ಮುಂದಿನ ಪೀಳಿಗೆ ಮೈಸೂರಿಗೆ ಬಂತು. ಇರಾನಿ ಕುಟುಂಬದವರು ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತೆರೆದರು. 1961ರಲ್ಲಿ ತಯಾರಿಕೆ ಶುರುವಾಯಿತು. ಜೆಕ್ ಪರವಾನಗಿಯ ಜಾವಾ 250 ನಮ್ಮ ರಸ್ತೆಗೆ, ನಮ್ಮ ಬಿಡಿಭಾಗಗಳಿಗೆ ಹೊಂದಿಕೊಳ್ಳುತ್ತ ಹೋಗಿ, ಎಪ್ಪತ್ತರ ದಶಕದ ಮೊದಲ ಭಾಗದಲ್ಲಿ ಯೆಜ್ಡಿ ಎಂಬ ಹೆಸರು ಪಡೆಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. ಪೆಟ್ರೋಲಿಗೆ ಆಯಿಲ್ ಬೆರೆಸುವ ಕಷ್ಟ ತಪ್ಪಿಸಲು ಪಂಪು ಇಟ್ಟ ಆಯಿಲ್‌ಕಿಂಗ್ ಬಂತು. ಬಹಳಷ್ಟು ಮಾಲೀಕರು ಆ ಪಂಪನ್ನು ನಂಬದೆ ಹಳೆಯ ಕ್ರಮದಲ್ಲೇ ಆಯಿಲ್ ಬೆರೆಸಿಕೊಂಡು ಓಡಿಸಿದರು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಮೂವತ್ತೈದು ವರ್ಷ ಕಾರ್ಖಾನೆಯೇ ತನ್ನ ಗಾಡಿಯನ್ನು ತಿದ್ದುತ್ತ ಬಂದಿರುವಾಗ, ಯಾವುದೋ ಒಂದು ವರ್ಷದ ಕ್ಯಾಟಲಾಗನ್ನು ಹಿಡಿದು ಇದೇ ಪ್ರಮಾಣ ಎನ್ನುವುದಕ್ಕೆ ಆಧಾರವೇನು?

ಇದಕ್ಕಿಂತ ಬಲವಾದ ಸಾಕ್ಷಿ ಎಂಜಿನ್ನಿನ ಒಳಗಿದೆ. ಜಾವಾ, ಯೆಜ್ಡಿ 250ರ ಬೋರು 65 ಮಿಲಿಮೀಟರ್, ಸ್ಟ್ರೋಕು 75. ಪಿಸ್ಟನ್ ಮೇಲೆ ಕೆಳಗೆ ಉಜ್ಜಿ ಉಜ್ಜಿ ಬೋರು ಸವೆಯುತ್ತದೆ, ವೃತ್ತ ಹೋಗಿ ಅಂಡಾಕಾರವಾಗುತ್ತದೆ. ಆಗ ಬ್ಲಾಕನ್ನು ಲೇತ್ ಅಂಗಡಿಗೆ ಒಯ್ದು ರೀಬೋರ್ ಮಾಡಿಸಿ, ಕೂದಲೆಳೆಯಷ್ಟು ದೊಡ್ಡದಾದ ಓವರ್‌ಸೈಜ್ ಪಿಸ್ಟನ್ ಹಾಕಬೇಕು. ಮತ್ತೆ ಸವೆದರೆ ಮತ್ತೆ ಕೊರೆತ, ಅದಕ್ಕಿಂತ ದೊಡ್ಡ ಪಿಸ್ಟನ್. ಕೊನೆಗೆ ಕೊರೆಯಲು ಲೋಹವೇ ಉಳಿಯದಾದಾಗ ಸ್ಲೀವ್ ಹೊಡೆಸಿ, ಮೊದಲಿನ ಅಳತೆಯಿಂದ ಹೊಸದಾಗಿ ಲೆಕ್ಕ ಶುರು. ಆ ಓವರ್‌ಸೈಜ್ ಪಿಸ್ಟನ್ನುಗಳು ಕಳ್ಳದಾರಿಯ ಮಾಲಲ್ಲ, ಕಂಪನಿಯ ಲೆಕ್ಕದಲ್ಲೇ ಇದ್ದವು. ಅಂದರೆ ಗಾಡಿ ಮಾಡಿದವರಿಗೇ ಇದು ಮಾಡಿದಂತೆ ಉಳಿಯುವುದಿಲ್ಲ ಎಂದು ಗೊತ್ತಿತ್ತು, ಅದಕ್ಕೆ ಜಾಗವನ್ನೂ ಬಿಟ್ಟಿದ್ದರು. ಓಡುವ ಪ್ರತಿಯೊಂದು ಹಳೆಯ ಜಾವಾವೂ ಒಳಗಿನಿಂದ ಬದಲಾಗಿದೆ. ಬದಲಾಗದೆ ಉಳಿದದ್ದು ಓಡದೇ ನಿಂತದ್ದು.

ಇನ್ನು ಗಾಡಿಯ ಹೊರಗಿನ ಲೋಕ. ಇವೆಲ್ಲ ಸೀಸ ಬೆರೆತ ಪೆಟ್ರೋಲು ಕುಡಿದು ಬೆಳೆದ ಎಂಜಿನ್ನುಗಳು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲೂ ಅದು ಸಿಗುವುದಿಲ್ಲ. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20ರಷ್ಟು ಎಥನಾಲ್ ಬೆರೆತದ್ದು. ಎಥನಾಲಿಗೆ ನೀರಿನ ಮೇಲೆ ಪ್ರೀತಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಕೂರುತ್ತದೆ, ತಗಡು ತುಕ್ಕು ಹಿಡಿಯುತ್ತದೆ, ಹಳೆಯ ರಬ್ಬರ್ ಪೈಪು ಉಬ್ಬಿ ಬಿರಿಯುತ್ತದೆ. ಗೋದಾಮಿನಲ್ಲಿ ಐವತ್ತು ವರ್ಷದಿಂದ ಇದ್ದ ಅಸಲಿ ಪೈಪನ್ನು ಹುಡುಕಿ ತಂದು ಹಾಕಿದರೆ, ಅದರಿಂದ ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ತೊಟ್ಟಿಕ್ಕುವ ಅಪಾಯವಿದೆ. ಇಲ್ಲಿ ಕ್ಯಾಟಲಾಗಿಗೆ ನಿಷ್ಠರಾಗಿರುವುದು ಗಾಡಿಗೇ ದ್ರೋಹ. ದೀಪದ ಕಥೆಯೂ ಇದೇ. ಆರು ವೋಲ್ಟಿನ ಡೈನಮೊ ಕೊಡುವ ಬೆಳಕು ಅಂದಿನ ಖಾಲಿ ರಸ್ತೆಗೆ ಸಾಕಿತ್ತು. ಇಂದು ಬೆಂಗಳೂರು-ಮೈಸೂರು ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ರಾತ್ರಿ ಹೊತ್ತು, ಎದುರಿನ ಎಸ್‌ಯುವಿಯ ಎಲ್‌ಇಡಿ ಕಣ್ಣಿಗೆ ಹೊಡೆಯುವಾಗ, ಆ ಮಿಣುಕು ದೀಪ ಇರುವುದೂ ಒಂದೇ, ಇಲ್ಲದಿರುವುದೂ ಒಂದೇ. ಹನ್ನೆರಡು ವೋಲ್ಟಿಗೆ ಬದಲಾಯಿಸಿ, ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಶನ್ ಹಾಕುವವರನ್ನು ನಾನು ತಪ್ಪೆನ್ನಲಾರೆ. ಅಂಥ ಕಿಟ್ಟನ್ನು ಜೆಕ್ ದೇಶದ ಕಂಪನಿಯೇ ಮಾಡಿ ಕಳಿಸುತ್ತದೆ ಎಂಬುದು ಪರಿಶುದ್ಧವಾದಿಗಳಿಗೆ ಸ್ವಲ್ಪ ಮುಜುಗರದ ಸಂಗತಿ.

ಹಾಗಾದರೆ ಏನು ಮಾಡಿದರೂ ನಡೆಯುತ್ತದೆಯೇ? ಖಂಡಿತ ಇಲ್ಲ. ನಾನು ಒಪ್ಪುವ ಗೆರೆ ಒಂದೇ: ಮಾಡಿದ್ದನ್ನು ಮುಂದೆ ಯಾರಾದರೂ ಬಿಚ್ಚಿ ಹಿಂದಿನಂತೆ ಮಾಡಲು ಬರಬೇಕು. ಡೈನಮೊ ತೆಗೆದು ಹೊಸ ಕಿಟ್ ಹಾಕಿದವರು ಹಳೆಯದನ್ನು ಎಣ್ಣೆ ಸವರಿ, ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟರೆ, ನಾಳೆ ಮಗಳೋ ಮೊಮ್ಮಗನೋ ಒಂದು ಮಧ್ಯಾಹ್ನ ಕೂತು ಅದನ್ನು ಹಿಂದಕ್ಕೆ ಹಾಕಬಹುದು. ಆದರೆ ಸೀಟಿನ ಹಿಂಭಾಗದ ಫ್ರೇಮನ್ನು ಗ್ರೈಂಡರಿನಿಂದ ಕತ್ತರಿಸಿ, ಕೆಫೆ ರೇಸರ್ ಎಂದು ಹೆಸರಿಟ್ಟು, ವೆಲ್ಡಿಂಗ್ ಹೊಡೆದರೆ ಆ ದಾರಿ ಮುಚ್ಚಿತು. ಹ್ಯಾಂಡಲ್ಲಿನ ಬಳಿ ಫ್ರೇಮಿನ ಕೋನ ಬದಲಾಯಿಸುವುದಂತೂ ಅಂದಚೆಂದದ ವಿಷಯವೇ ಅಲ್ಲ, ತಿರುವಿನಲ್ಲಿ ಜೀವದ ವಿಷಯ. ಸೈಲೆನ್ಸರಿನೊಳಗಿನ ಬ್ಯಾಫಲ್ ಕಿತ್ತು ಬಿಸಾಡಿ ಊರಿನ ನಿದ್ದೆಗೆಡಿಸುವ ಆರ್‌ಎಕ್ಸ್ 100 ಬೈಕುಗಳ ಪಡೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೊಲೀಸರು ಅಂಥ ಸೈಲೆನ್ಸರುಗಳ ಮೇಲೆ ರೋಡ್ ರೋಲರ್ ಹರಿಸಿ ಹೇಳಬೇಕಾದ್ದನ್ನು ಆಗಾಗ ಹೇಳುತ್ತಲೇ ಇದ್ದಾರೆ.

ಈಗ ಇದೇ ಗೆರೆಯನ್ನು ಗೌರವಾನ್ವಿತ ರೆಸ್ಟೊರೇಶನ್ನಿಗೂ ಎಳೆದು ನೋಡಿ. ಗಾಡಿ ವರ್ಕ್‌ಶಾಪಿಗೆ ಹೋದ ಕೂಡಲೇ ಮೊದಲ ಕೆಲಸ ಸ್ಯಾಂಡ್ ಬ್ಲಾಸ್ಟಿಂಗ್. ಕಾರ್ಖಾನೆಯ ಬಣ್ಣ, ಟ್ಯಾಂಕಿನ ಮೇಲೆ ಪೇಂಟರು ಕೈಯಲ್ಲಿ ಎಳೆದ ಚಿನ್ನದ ಬಣ್ಣದ ಗೆರೆ, ಮಂಡಿ ತಾಗಿ ತಾಗಿ ನಯವಾದ ಜಾಗ, ಎಲ್ಲವೂ ಅರ್ಧ ಗಂಟೆಯಲ್ಲಿ ಧೂಳು. ಆಮೇಲೆ ಎಂಜಿನ್ ಕವರಿಗೆ ಬಫಿಂಗ್. ಬಫಿಂಗ್ ಎಂದರೆ ಹೊಳಪು ಹಚ್ಚುವುದಲ್ಲ, ಲೋಹವನ್ನು ತೆಳ್ಳಗೆ ಕೆರೆದು ತೆಗೆಯುವುದು. ಎರಕದಲ್ಲಿ ಮೂಡಿದ ಅಕ್ಷರದ ಅಂಚು ಮೊಂಡಾಗುತ್ತದೆ, ಸ್ಕ್ರೂವಿನ ಸುತ್ತ ಕುಳಿ ಬೀಳುತ್ತದೆ. ಕ್ರೋಮಿಂಗಿಗೂ ಮೊದಲು ಹಾಗೇ ಕೆರೆಯಬೇಕು. ಇದಾವುದನ್ನೂ ಹಿಂದಕ್ಕೆ ತರಲು ಬರುವುದಿಲ್ಲ. ಹನ್ನೆರಡು ವೋಲ್ಟಿನ ಹುಡುಗ ಎರಡು ಬೋಲ್ಟು ಬಿಚ್ಚಿದ. 'ಒರಿಜಿನಲ್' ಸಾಹೇಬರು ಐವತ್ತು ವರ್ಷ ಅಳಿಸಿದರು. ನಮ್ಮೂರುಗಳಲ್ಲಿ ಜೀರ್ಣೋದ್ಧಾರ ಸಮಿತಿಯವರು ಹಳೆಯ ಕಲ್ಲುಗುಡಿಗೆ ಭಕ್ತಿಯಿಂದಲೇ ಎನಾಮೆಲ್ ಪೇಂಟ್ ಬಳಿದು, ನೆಲಕ್ಕೆ ಟೈಲ್ಸ್ ಹಾಕಿಸುತ್ತಾರಲ್ಲ, ಇದು ಅದೇ ಜಾತಿಯ ಶ್ರದ್ಧೆ. ದೇವರು ಅಲ್ಲೇ ಇರುತ್ತಾನೆ, ಗುಡಿ ಹೋಗಿರುತ್ತದೆ.

ಇದಕ್ಕೆ ಗಟ್ಟಿಯಾದ ಒಂದು ಎದುರುವಾದವಿದೆ, ತಳ್ಳಿಹಾಕುವಂತಿಲ್ಲ. ತುಕ್ಕು ಇತಿಹಾಸವಲ್ಲ, ಅದು ರೋಗ. ಬಿಟ್ಟರೆ ತಗಡನ್ನೇ ತಿನ್ನುತ್ತದೆ. ಮಡ್‌ಗಾರ್ಡಿನಲ್ಲಿ ಬೆರಳು ತೂರುವಷ್ಟು ತೂತು ಬಿದ್ದ ಗಾಡಿಗೆ ಟಿಂಕರಿಂಗ್, ಪೇಂಟಿಂಗ್ ಬಿಟ್ಟು ಬೇರೆ ದಾರಿಯಿಲ್ಲ. ನಿಜ. ಆದರೆ ತುಕ್ಕು ಹಿಡಿದ ಮಡ್‌ಗಾರ್ಡಿಗಾಗಿ ಚೆನ್ನಾಗಿರುವ ಟ್ಯಾಂಕನ್ನೂ ಕೆರೆದು ಹಾಕುವುದೇಕೆ? ಎರಡೂ ಒಂದೇ ಬಣ್ಣ ಕಾಣಬೇಕೆಂಬ ಹಟಕ್ಕೆ, ಮತ್ತು ಮಾರುಕಟ್ಟೆಗೆ. ಹೊಳೆಯುವ ಗಾಡಿಗೆ ಬೆಲೆ ಹೆಚ್ಚು. ಮಾಸಿದರೂ ಮೊದಲ ಬಣ್ಣವನ್ನೇ ಉಳಿಸಿಕೊಂಡ ಗಾಡಿಗೆ ಹೊರದೇಶಗಳ ಸಂಗ್ರಾಹಕರು ಈಗೀಗ ಹೆಚ್ಚು ಮರ್ಯಾದೆ ಕೊಡುತ್ತಿದ್ದಾರೆ. ನಮ್ಮಲ್ಲಿ ಆ ಅಭಿರುಚಿ ಇನ್ನೂ ಬೇರೂರಬೇಕಿದೆ.

ಕಾನೂನು ಈ ಜಗಳದಲ್ಲಿ ಯಾರ ಪರ? ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಾಯಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಅದನ್ನೇ ಎತ್ತಿಹಿಡಿಯಿತು. ಫ್ರೇಮು ಕತ್ತರಿಸುವವರಿಗೆ ಈ ಬೇಲಿ ಬೇಕೇ ಬೇಕು. 2021ರಲ್ಲಿ ಬಂದ ವಿಂಟೇಜ್ ವಾಹನದ ನಿಯಮ ನನಗೆ ಇನ್ನೂ ಕುತೂಹಲಕರ. ಐವತ್ತು ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ದೊಡ್ಡ ಮಟ್ಟದ ಮಾರ್ಪಾಡು ಆಗಿರಬಾರದು. ಆಗ 'ವಿಎ' ಅಕ್ಷರವಿರುವ ನಂಬರು ಸಿಗುತ್ತದೆ. ಜೊತೆಗೆ ಒಂದು ಷರತ್ತು: ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲು ಹಾಕಿಸಲು, ರಿಪೇರಿಗೆ ತೆಗೆದುಕೊಂಡು ಹೋಗಬಹುದು. ಮೂಲ ರೂಪ ಬೇಕಾದರೆ ಓಡಾಟ ಬಿಡು, ಓಡಾಟ ಬೇಕಾದರೆ ಆ ಪಟ್ಟ ಬಿಡು ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ದಿನವೂ ತರಕಾರಿ ತರಲು ಓಡುವ 1968ರ ಜಾವಾ ಮಾಮೂಲಿ ನಂಬರಿನಲ್ಲೇ, ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಿಕೊಂಡು, ಆರ್‌ಟಿಒ ಕಚೇರಿಯ ಸಾಲಿನಲ್ಲಿ ನಿಲ್ಲಬೇಕು. ಅಲ್ಲಿ ಚಾಸಿಸ್ ನಂಬರು ತಾಳೆಯಾಗುತ್ತದೆಯೇ ಎಂದು ನೋಡುತ್ತಾರೆ. ನನಗೆ ಅದೇ ಸರಿ ಎನಿಸುತ್ತದೆ.

ಇನ್ನು, ಈ ಕೆಲಸವನ್ನೆಲ್ಲ ಮನೆಯಲ್ಲೇ ಮಾಡಬೇಕೆನ್ನುವುದೇಕೆ? ದುಡ್ಡು ಉಳಿಯುತ್ತದೆ ಎಂದಲ್ಲ, ಬಿಡಿಭಾಗಕ್ಕಾಗಿ ಬೆಂಗಳೂರಿನ ಜೆ.ಸಿ. ರಸ್ತೆಗೂ ಗುಜರಿ ಅಂಗಡಿಗೂ ಅಲೆದ ಖರ್ಚು ಸೇರಿಸಿದರೆ ಅದೇನೂ ಉಳಿಯುವುದಿಲ್ಲ. ಗಾಡಿ ಉಳಿಯುವುದು ಲೋಹದಲ್ಲಿ ಎಷ್ಟೋ, ಅದನ್ನು ಬಲ್ಲವರ ಕೈಯಲ್ಲೂ ಅಷ್ಟೇ. ಜಾವಾದಲ್ಲಿ ಕಿಕ್ ಹೊಡೆದ ಲಿವರನ್ನೇ ಒಳಕ್ಕೆ ಒತ್ತಿ ಮುಂದಕ್ಕೆ ತಿರುಗಿಸಿದರೆ ಗೇರಿನ ಲಿವರು. ಆ ಲಿವರು ಒತ್ತಿದರೆ ಕ್ಲಚ್ಚೂ ತಾನೇ ಬಿಡುತ್ತದೆ. ಈ ಜಾಣತನ ಹೇಗೆ ಕೆಲಸ ಮಾಡುತ್ತದೆಂದು ಪುಸ್ತಕ ಓದಿದರೆ ತಿಳಿಯುವುದು ಅರ್ಧ. ಎಂಜಿನ್ನಿನ ಕವರು ಬಿಚ್ಚಿ, ಲಿವರನ್ನು ಕೈಯಲ್ಲಿ ಆಡಿಸಿ ನೋಡಿದರೆ ಉಳಿದರ್ಧ. ಬಿಳಿ ಹೊಗೆ ದಟ್ಟವಾಗಿ ಬಂದು, ಗೇರ್ ಆಯಿಲ್ ತಾನಾಗಿ ಇಳಿಯುತ್ತಿದ್ದರೆ ಕ್ರ್ಯಾಂಕಿನ ಸೀಲು ಹೋಗಿದೆ, ಎಂಜಿನ್ನು ಆಯಿಲ್ಲನ್ನು ಒಳಗೆ ಎಳೆದುಕೊಂಡು ಸುಡುತ್ತಿದೆ ಎಂದು ಹೇಳಬಲ್ಲ ಮೇಸ್ತ್ರಿಗಳು ಊರಿಗೊಬ್ಬರಾದರೂ ಇದ್ದ ಕಾಲವಿತ್ತು. ಅವರಿಗೆಲ್ಲ ಈಗ ವಯಸ್ಸಾಗಿದೆ, ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಭಾನುವಾರ ಅವರನ್ನು ಮನೆಗೆ ಕರೆದು, ಕಾಫಿ ಕೊಟ್ಟು, ಅವರು ಹೇಳಿದಂತೆ ಸ್ಪ್ಯಾನರ್ ಹಿಡಿಯುವವನಿಗೆ ಆ ವಿದ್ಯೆ ದಾಟುತ್ತದೆ. ದುಡ್ಡು ಕೊಟ್ಟು, ಆರು ತಿಂಗಳ ಮೇಲೆ ಕೀ ಇಸಿದುಕೊಳ್ಳುವವನಿಗೆ ದಾಟುವುದಿಲ್ಲ.

ಮನೆಗೆಲಸಕ್ಕೂ ಮಿತಿಯಿದೆ. ಕ್ರ್ಯಾಂಕ್ ಪ್ರೆಸ್ಸಿಂಗು, ರೀಬೋರು, ಕ್ರೋಮಿಂಗು ಹೊರಗೇ ಆಗಬೇಕು. ಕ್ರೋಮಿಂಗಿನ ರಾಸಾಯನಿಕ ಬಚ್ಚಲಿನಲ್ಲಿ ಆಡುವ ವಸ್ತುವಲ್ಲ. ಬೇರಿಂಗ್ ಬಿಡಿಸಲು ಎಂಜಿನ್ ಕೇಸನ್ನು ಬಿಸಿ ಮಾಡಬೇಕಾದಾಗ ಅಡಿಗೆಮನೆಯ ಒಲೆಯ ಮೇಲೆ ಕಣ್ಣು ಹಾಕುವವರಿಗೆ ನನ್ನ ಸಲಹೆ, ಮನೆಯವರು ಮದುವೆಗೆ ಹೋದ ದಿನ ನೋಡಿಕೊಳ್ಳಿ.

ಕೊನೆಗೆ ನನ್ನ ಗೆರೆಯನ್ನೇ ಪರೀಕ್ಷೆಗೊಡ್ಡುವ ಪ್ರಶ್ನೆಯೊಂದಿದೆ. ಟೂ-ಸ್ಟ್ರೋಕ್ ಎಂಜಿನ್ನು ಕೊಳಕು ಎಂಜಿನ್ನು. ಒಳಗೆ ಬಂದ ಹೊಸ ಮಿಶ್ರಣದ ಒಂದು ಪಾಲು ಸುಡದೆಯೇ ಸುಟ್ಟ ಹೊಗೆಯ ಜೊತೆ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಇಂಥ ಗಾಡಿಗಳು ಈಗ ಕೆಲವೇ ಉಳಿದಿವೆ, ಓಡುವುದೂ ಕಡಿಮೆ ಎಂಬುದು ಸಮಾಧಾನವೇ ಹೊರತು ಉತ್ತರವಲ್ಲ. ಹಾಗಿದ್ದರೆ ಎಂಜಿನ್ನು ಇಳಿಸಿ ಬ್ಯಾಟರಿ, ಮೋಟಾರು ಕೂರಿಸಿದರೆ? ಅನುಮೋದನೆ ಪಡೆದ ಕಿಟ್ಟಾದರೆ ಕಾನೂನೂ ದಾರಿ ಬಿಟ್ಟಿದೆ. ಫ್ರೇಮು ಕತ್ತರಿಸದೆ, ಹಳೆಯ ಬೋಲ್ಟಿನ ತೂತುಗಳಿಗೇ ಮೋಟಾರು ಕೂರಿಸಿ, ಇಳಿಸಿದ ಎಂಜಿನ್ನನ್ನು ಎಣ್ಣೆ ಹಾಕಿ ಅಟ್ಟದ ಮೇಲಿಟ್ಟರೆ, ನಾಳೆ ಬಿಚ್ಚಿ ಹಿಂದಿನಂತೆ ಮಾಡಬಹುದು. ನನ್ನದೇ ಗೆರೆಯ ಪ್ರಕಾರ ಇದು ಸ್ಯಾಂಡ್ ಬ್ಲಾಸ್ಟಿಂಗಿಗಿಂತ ಸಭ್ಯವಾದ ಕೆಲಸ. ವಾದದಲ್ಲಿ ಒಪ್ಪಬೇಕು, ಒಪ್ಪುತ್ತೇನೆ. ಆದರೆ ಸದ್ದಿಲ್ಲದ ಜಾವಾವನ್ನು ನಾನಂತೂ ಕೊಳ್ಳುವುದಿಲ್ಲ.