ಸದ್ದು ಕೇಳಿ ಹೇಳುವವನಿಗೂ ದುಡ್ಡು ಕೊಡಿ

ಗ್ಯಾರೇಜಿನ ಹಳೇ ಬಿಲ್ಲೊಂದಿದ್ದರೆ ತೆಗೆದು ನೋಡಿ. ಬ್ರೇಕ್ ಪ್ಯಾಡಿಗೆ ಇಷ್ಟು, ಬೇರಿಂಗಿಗೆ ಇಷ್ಟು, ಬಿಚ್ಚಿ ಕೂಡಿಸಿದ್ದಕ್ಕೆ ಲೇಬರ್ ಇಷ್ಟು, ಅದರ ಮೇಲೆ ತೆರಿಗೆ. ಕೊನೆಯಲ್ಲಿ ‘ಕನ್ಸ್ಯೂಮೇಬಲ್ಸ್’ ಅಂತ ಇನ್ನೊಂದು ಸಾಲು. ಅದೇನಪ್ಪಾ ಅಂದರೆ ಬಟ್ಟೆ, ಗ್ರೀಸು, ಅದೂ ಇದೂ ಅಂತಾರೆ. ಒರೆಸಿದ ಬಟ್ಟೆಗೂ ದುಡ್ಡಿದೆ. ಆದರೆ ‘ತೊಂದರೆ ಏನು ಅಂತ ಹುಡುಕಿದ್ದಕ್ಕೆ ಇಷ್ಟು’ ಅನ್ನುವ ಸಾಲನ್ನು ಮುಂಬಯಿ ಕಡೆ ಬಂದು ನೆಲೆಸಿದ ಈ 27 ವರ್ಷಗಳಲ್ಲಿ ನಾನಂತೂ ಒಂದು ಬಿಲ್ಲಿನಲ್ಲೂ ಕಂಡಿಲ್ಲ. ಕಾರು ರಿಪೇರಿಯ ತಕರಾರು ಶುರುವಾಗುವುದೇ ಇಲ್ಲಿಂದ ಅಂತ ನನ್ನ ವಾದ.

ಇದು ತಲೆಗೆ ಹತ್ತಿದ್ದು ನಮ್ಮ ಒಂಬತ್ತು ವರ್ಷದ ಪುಟ್ಟ ಕಾರಿನ ದೆಸೆಯಿಂದ. ಮಳೆಗಾಲದ ನಡುವೆ ಅದರ ಎಡಗಡೆಯ ಮುಂದಿನ ಚಕ್ರದಿಂದ ಕರಕರ ಅಂತ ಸದ್ದು ಬರತೊಡಗಿತು. ಒಣ ಕೊಬ್ಬರಿಯನ್ನು ತುರಿಮಣೆಗೆ ಹಚ್ಚಿದ ಹಾಗೆ. ಚೌತಿಗೆ ಎರಡೇ ವಾರ ಉಳಿದಿತ್ತು. ಠಾಣೆಯಿಂದ ಕುಮಟಾಕ್ಕೆ 700 ಕಿಲೋಮೀಟರಿಗೂ ಮಿಗಿಲು ದಾರಿ. ಖಂಡಾಳಾ ಹತ್ತಿ, ಖಂಬಾಟ್ಕಿ ಘಾಟಿ ದಾಟಿ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ಮುಗಿಸಿ, ಕೊನೆಗೆ ಯಲ್ಲಾಪುರದಾಚೆ ಅರಬೈಲು ಘಾಟಿ ಇಳಿಯಬೇಕು. (ಹೆದ್ದಾರಿಗಳ ನಂಬರು 2010ರಲ್ಲೇ ಬದಲಾಗಿ ಈಗದು ಎನ್‌ಎಚ್ 48. ನಮ್ಮ ಬಾಯಲ್ಲಿ ಮಾತ್ರ ಇನ್ನೂ ಎನ್‌ಎಚ್ ಫೋರೇ!) ಹಿಂದಿನ ಸೀಟಿನಲ್ಲಿ 78 ವರ್ಷದ ಅಮ್ಮ, ಅರಬೈಲಿನ ತಿರುವಿನಲ್ಲಿ ಎದುರಿಗೆ ಟ್ಯಾಂಕರು, ಮೇಲೆ ಜಡಿಮಳೆ. ಬ್ರೇಕಿನ ಮೇಲೆ ಸಂಶಯ ಇಟ್ಟುಕೊಂಡು ಇಳಿಯುವ ಘಾಟಿ ಅಲ್ಲ ಅದು.

ಕಾರನ್ನು ದೊಡ್ಡ ಸರ್ವಿಸ್ ಸೆಂಟರಿಗೆ ಒಯ್ದೆ. ಹೆಸರು ಬೇಡ, ಎಲ್ಲ ಕಡೆಯೂ ಇದೇ ಕಥೆ. ಏಸಿ ಹಾಲ್, ಮೆಶಿನ್ ಕಾಫಿ, ಟ್ಯಾಬ್ ಹಿಡಿದ ಸರ್ವಿಸ್ ಅಡ್ವೈಸರ್ ಹುಡುಗ. ಸದ್ದಿನ ಸಂಗತಿ ಹೇಳಿದೆ. ಎರಡೇ ನಿಮಿಷದಲ್ಲಿ ಎಸ್ಟಿಮೇಟ್ ಬಂತು: ಮುಂದಿನ ಎರಡೂ ಡಿಸ್ಕು, ಪ್ಯಾಡು, ಎರಡೂ ವೀಲ್ ಬೇರಿಂಗು, ಲೇಬರ್ ಸೇರಿ 17,400 ರೂಪಾಯಿ. ಕಾರು ಇನ್ನೂ ಗೇಟಿನ ಹತ್ತಿರವೇ ನಿಂತಿತ್ತು. “ಸದ್ದು ಕೇಳಿದ್ದೀರಾ?” ಅಂತ ಹಿಂದಿಯಲ್ಲಿ ಕೇಳಿದೆ. “ಸರ್, 80 ಸಾವಿರ ಕಿಲೋಮೀಟರ್ ಆಗಿದೆಯಲ್ಲ, ಬೇರಿಂಗೇ ಇರುತ್ತೆ” ಅಂದ. ಒಂದು ಸುತ್ತು ಓಡಿಸಿ ನೋಡೋಣ ಬನ್ನಿ ಅಂದರೆ, ಟೆಸ್ಟ್ ಡ್ರೈವಿಗೆ ಬೇರೆ ಜನ ಇದ್ದಾರೆ, ಅವರು ಊಟಕ್ಕೆ ಹೋಗಿದ್ದಾರೆ ಅನ್ನುವ ಉತ್ತರ. ಎಸ್ಟಿಮೇಟಿಗೆ ಸಹಿ ಹಾಕದೆ ಕಾರು ವಾಪಸು ತಂದೆ.

ಸದ್ದನ್ನು ಕೇಳದೆ ಬೇರಿಂಗು ಬರೆಯುವುದು ನಾಡಿ ಹಿಡಿಯದೆ ಮದ್ದು ಬರೆದ ಹಾಗೆ. ಚಕ್ರದ ಸದ್ದು ಸುಮ್ಮನೆ ಗಲಾಟೆ ಅಲ್ಲ ಮಾರಾಯರೇ, ಅದಕ್ಕೊಂದು ಭಾಷೆ ಇದೆ. ಹಲಸಿನ ಕಾಯಿಯನ್ನು ತಟ್ಟಿ ಬೆಳೆದಿದೆಯೋ ಇಲ್ಲವೋ ಹೇಳುವ ಊರಿನಿಂದ ಬಂದ ನಮಗೆ ಇದು ಕಷ್ಟವೇನೂ ಆಗಬಾರದು.

ಬೇರಿಂಗು ಹೋದರೆ ಬರುವುದು ಸಾಧಾರಣವಾಗಿ ಗುಂಯ್ ಅನ್ನುವ ಗುನುಗು ಅಥವಾ ಗೊರ್ ಅನ್ನುವ ಸದ್ದು. ಅದು ಗಾಡಿಯ ವೇಗದ ಜೊತೆ ಏರುತ್ತದೆ, ಇಂಜಿನ್ನಿನ ವೇಗದ ಜೊತೆ ಅಲ್ಲ. ಓಡುವಾಗ ಕ್ಲಚ್ ಒತ್ತಿದರೂ ಸದ್ದು ಹಾಗೇ ಇದ್ದರೆ ಇಂಜಿನ್ನನ್ನು ಪಟ್ಟಿಯಿಂದ ಬಿಡಬಹುದು. ಇನ್ನೊಂದು ಗುರುತು ತಿರುವು. ಬಲಕ್ಕೆ ತಿರುಗಿಸಿದಾಗ ಗಾಡಿಯ ಭಾರ ಎಡ ಚಕ್ರದ ಮೇಲೆ ಬೀಳುತ್ತದೆ. ಆಗ ಸದ್ದು ಜೋರಾಗಿ, ಎಡಕ್ಕೆ ತಿರುಗಿಸಿದಾಗ ತಗ್ಗಿದರೆ ಎಡಗಡೆಯ ಬೇರಿಂಗಿನ ಮೇಲೆ ಸಂಶಯ ಪಡಬೇಕು. ಟಯರು ಏರುಪೇರಾಗಿ ಸವೆದಿದ್ದರೂ ಹೆಚ್ಚುಕಡಿಮೆ ಇಂಥದೇ ಗುನುಗು. ಟಯರಿನ ಮೇಲೆ ಅಂಗೈ ಆಡಿಸಿದರೆ ಉಬ್ಬುತಗ್ಗು ತಿಳಿಯುತ್ತದೆ. ಮುಂದಿನ ಟಯರನ್ನು ಹಿಂದಕ್ಕೆ ಹಾಕಿದಾಗ ಸದ್ದೂ ಹಿಂದೆ ಹೋದರೆ ಬೇರಿಂಗಿನದು ತಪ್ಪಿಲ್ಲ.

ಸ್ಟೀರಿಂಗ್ ಪೂರ್ತಿ ತಿರುಗಿಸಿ ಗಾಡಿ ಎಳೆಯುವಾಗ ಟಕ್ ಟಕ್ ಅಂದರೆ ಅದು ಆಕ್ಸಲಿನ ಸಿವಿ ಜಾಯಿಂಟು. ಅದರ ರಬ್ಬರ್ ಬೂಟ್ ಹರಿದು ಗ್ರೀಸು ಸುತ್ತೆಲ್ಲ ಚೆಲ್ಲಿರುತ್ತದೆ. ಸರಿಯಿದ್ದ ಗಾಡಿ ಕಚ್ಚಾ ರಸ್ತೆಯಲ್ಲಿ ಹೋದ ಮೇಲೆ ಥಟ್ಟನೆ ಕಿರ್ ಅನ್ನತೊಡಗಿದರೆ ಡಿಸ್ಕಿಗೂ ಅದರ ಹಿಂದಿನ ತೆಳು ತಗಡಿಗೂ ನಡುವೆ ಕಲ್ಲು ಸಿಕ್ಕಿರಬಹುದು. ಕೆಲವೊಮ್ಮೆ ನಾಲ್ಕು ಮಾರು ರಿವರ್ಸ್ ತೆಗೆದರೆ ಉದುರಿಯೂ ಹೋಗುತ್ತದೆ. ರಾತ್ರಿಯಿಡೀ ಮಳೆಯಲ್ಲಿ ನಿಂತ ಕಾರು ಬೆಳಿಗ್ಗೆ ಮೊದಲ ಎರಡು ಮೂರು ಬ್ರೇಕಿಗೆ ಕರ್ ಅಂದು ಸುಮ್ಮನಾದರೆ ಅದು ಡಿಸ್ಕಿನ ಮೇಲಿನ ತುಕ್ಕು, ಚಿಂತೆ ಬೇಡ.

ಹೆದರಬೇಕಾದದ್ದು ಬ್ರೇಕ್ ಒತ್ತಿದಾಗ ಬದಲಾಗುವ ಸದ್ದಿಗೆ. ಎಷ್ಟೋ ಪ್ಯಾಡುಗಳಲ್ಲಿ ಸವೆತ ತಿಳಿಸಲೆಂದೇ ಸಣ್ಣ ತಗಡೊಂದು ಇರುತ್ತದೆ, ಅದು ಮೊದಲು ಕೀಚ್ ಅಂತ ಕೂಗುತ್ತದೆ. ಆ ಕೂಗನ್ನು ಅಲಕ್ಷ್ಯ ಮಾಡಿದರೆ ಪ್ಯಾಡಿನ ಮಸಾಲೆ ಪೂರ್ತಿ ಸವೆದು, ಹಿಂದಿನ ಉಕ್ಕಿನ ತಟ್ಟೆ ನೇರವಾಗಿ ಡಿಸ್ಕನ್ನು ಕೆರೆಯುತ್ತದೆ. ಆಗ ಬ್ರೇಕೂ ಸರಿಯಾಗಿ ಹಿಡಿಯುವುದಿಲ್ಲ.

ನಮ್ಮದು ಈ ಕೊನೇ ಜಾತಿಯದೇ ಅಂತ ನನ್ನ ಗುಮಾನಿ. ಘೋಡ್‌ಬಂದರ್ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದಾಗ ಎಡಬಲ ತಿರುವಿನಲ್ಲಿ ಸದ್ದು ಬದಲಾಗಲಿಲ್ಲ. ಮೆಲ್ಲನೆ ಬ್ರೇಕ್ ಒತ್ತಿದಾಗ ಮಾತ್ರ ಜೋರಾಯಿತು. ನಿಲ್ಲಿಸಿ ಎರಡೂ ಮುಂಚಕ್ರಗಳ ಹತ್ತಿರ ಕೈ ಒಯ್ದೆ. (ಮುಟ್ಟಬೇಡಿ, ಡಿಸ್ಕು ಕೈ ಸುಡುತ್ತದೆ.) ಎಡಗಡೆ ಕಾವು ಹೆಚ್ಚು, ರಿಮ್ಮಿನ ಮೇಲೆ ಕಪ್ಪು ಪುಡಿಯೂ ಹೆಚ್ಚು. ಆದರೆ ಚಕ್ರದ ಸಂದಿನಿಂದ ಟಾರ್ಚ್ ಬಿಟ್ಟರೆ ಹೊರಗಿನ ಪ್ಯಾಡು ದಪ್ಪಗೆ ಚೆನ್ನಾಗೇ ಕಾಣುತ್ತಿದೆ!

ನಮ್ಮ ಕಾಲೊನಿಯ ಹಿಂದೆ ತಗಡಿನ ಮಾಡಿನ ಗ್ಯಾರೇಜೊಂದಿದೆ. ಅಲ್ಲಿನ ಮಿಸ್ತ್ರಿಗೆ ನಾನು ಹೇಳಿದ್ದು ಇಷ್ಟೇ: “ಭಾಯಿ, ಇವತ್ತು ರಿಪೇರಿ ಬೇಡ. ನನ್ನ ಜೊತೆ ಕೂತು ಸದ್ದು ಕೇಳು, ಚಕ್ರ ಬಿಚ್ಚು, ಏನಾಗಿದೆ ಅಂತ ತೋರಿಸು. ಅದಕ್ಕೆ 500 ರೂಪಾಯಿ.” ಆತ ನಕ್ಕುಬಿಟ್ಟ. “ದೇಖ್‌ನೇ ಕಾ ಕೈಕಾ ಪೈಸಾ, ಸಾಬ್?” ಅಂದ. ಬರೇ ನೋಡುವುದಕ್ಕೆ ಎಂಥ ದುಡ್ಡು! ತನ್ನ ಕಿವಿಗೆ, ಕಣ್ಣಿಗೆ ಬೆಲೆಯಿದೆ ಅಂತ ಆತನಿಗೇ ಅನಿಸಿಲ್ಲ. ಅನಿಸುವುದಾದರೂ ಹೇಗೆ? ನಾವು ಯಾವತ್ತು ಕೊಟ್ಟಿದ್ದೇವೆ?

ಆತ ಕೆಲಸ ಮಾಡಿದ ರೀತಿ ನೋಡಬೇಕಿತ್ತು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜ್ಯಾಕ್ ಎತ್ತಿ, ಜ್ಯಾಕನ್ನೇ ನೆಚ್ಚದೆ ಕೆಳಗೆ ಸ್ಟ್ಯಾಂಡ್ ಇಟ್ಟ. ಚಕ್ರದ ಮೇಲೂ ಕೆಳಗೂ ಹಿಡಿದು ಅಲುಗಾಡಿಸಿದ, ಆಟ ಇರಲಿಲ್ಲ. ಒಂದು ಕೈ ಸಸ್ಪೆನ್ಶನ್ ಸ್ಪ್ರಿಂಗಿನ ಮೇಲಿಟ್ಟು ಇನ್ನೊಂದರಲ್ಲಿ ಚಕ್ರ ತಿರುಗಿಸಿದ. ಬೇರಿಂಗು ಹಾಳಾಗಿದ್ದರೆ ಆ ಗರಗರ ಸ್ಪ್ರಿಂಗಿನಲ್ಲಿ ಬೆರಳಿಗೆ ತಾಗುತ್ತದಂತೆ. ನನ್ನ ಕೈಯನ್ನೂ ಇಡಿಸಿದ, ಏನೂ ತಾಗಲಿಲ್ಲ. ಚಕ್ರ ಬಿಚ್ಚಿ, ಕ್ಯಾಲಿಪರ್ ಎತ್ತಿದಾಗ ಗುಟ್ಟು ಬಯಲಾಯಿತು. ಹೊರ ಪ್ಯಾಡು ಅರ್ಧಕ್ಕಿಂತ ಹೆಚ್ಚು ಉಳಿದಿದೆ, ಒಳ ಪ್ಯಾಡು ಸವೆದು ಬರೀ ಉಕ್ಕು. ಡಿಸ್ಕಿನ ಒಳಮುಖದಲ್ಲಿ ಉಗುರಿಗೆ ಸಿಗುವಷ್ಟು ಆಳದ ಗೀರು.

ಹಾಗೇಕಾಯಿತು ಅನ್ನುವುದೇ ಇಲ್ಲಿ ಮುಖ್ಯ. ಇಂಥ ಕಾರುಗಳ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಹಿಂದೆಮುಂದೆ ಜಾರಬೇಕು. ಪಿಸ್ಟನ್ ಇರುವುದು ಒಳಗಡೆ ಮಾತ್ರ. ಅದು ಒಳ ಪ್ಯಾಡನ್ನು ಒತ್ತಿದಾಗ ಇಡೀ ಕ್ಯಾಲಿಪರ್ ಒಳಕ್ಕೆ ಜಾರಿ ಹೊರ ಪ್ಯಾಡನ್ನೂ ಎಳೆದು ಒತ್ತುತ್ತದೆ. ನಮ್ಮ ಎಡ ಚಕ್ರದ ಒಂದು ಪಿನ್ನಿನ ರಬ್ಬರ್ ಹರಿದು, ನೀರು ಹೊಕ್ಕು, ತುಕ್ಕು ಹಿಡಿದು ಪಿನ್ನು ಕಚ್ಚಿಕೊಂಡಿತ್ತು. ಕ್ಯಾಲಿಪರ್ ಜಾರದೆ ಕೆಲಸವೆಲ್ಲ ಒಳ ಪ್ಯಾಡಿನ ಮೇಲೇ ಬಿತ್ತು, ಬ್ರೇಕ್ ಬಿಟ್ಟರೂ ಅದು ಡಿಸ್ಕಿಗೆ ಉಜ್ಜುತ್ತಲೇ ಇತ್ತು. ಮುಂಬಯಿ ಮಳೆಯಲ್ಲಿ ರಸ್ತೆಯಂಚಿನ ಕೊಚ್ಚೆನೀರು ಹೆಚ್ಚು ಬಡಿಯುವುದು ಎಡ ಚಕ್ರಕ್ಕೇ ತಾನೆ.

ಈಗ ಆ 17,400ರ ಎಸ್ಟಿಮೇಟನ್ನು ಮತ್ತೆ ನೋಡಿ. ಅದರಲ್ಲಿ ಡಿಸ್ಕು ಇತ್ತು, ಪ್ಯಾಡು ಇತ್ತು, ಬೇಡದ ಬೇರಿಂಗು ಎರಡು ಇದ್ದವು. ಪಿನ್ನು ಇರಲಿಲ್ಲ. ಕಚ್ಚಿಕೊಂಡ ಪಿನ್ನು ಯಾರ ಕಣ್ಣಿಗೂ ಬೀಳದೆ ಹಾಗೇ ಉಳಿದಿದ್ದರೆ ಸದ್ದು ಅವತ್ತು ನಿಂತು ಹೋಗಿ, ಹೊಸ ಪ್ಯಾಡೂ ಹಾಗೇ ಒಳಗಿನಿಂದ ಸವೆದು, ಕೆಲವು ತಿಂಗಳಿಗೆ ಮತ್ತದೇ ಕರಕರ. ದುಡ್ಡು ಹೋದದ್ದಕ್ಕಿಂತ ದೊಡ್ಡ ಮಾತು ಇದು. ಎಲ್ಲ ಹೊಸದು ಹಾಕಿಸಿದ್ದೇವೆ ಅನ್ನುವ ಧೈರ್ಯದಲ್ಲಿ ಘಾಟಿ ಇಳಿಯುತ್ತಿದ್ದೆವು.

ಮಿಸ್ತ್ರಿ ಪ್ಯಾಡಿನ ಸೆಟ್ಟು, ಎರಡೂ ಬದಿಗೆ ಡಿಸ್ಕು, ಪಿನ್ನು ಮತ್ತು ರಬ್ಬರಿನ ಕಿಟ್ ಹಾಕಿದ. ಬ್ರೇಕಿನ ಕೆಲಸ ಒಂದೇ ಬದಿಗೆ ಮಾಡಿದರೆ ಗಾಡಿ ಒಂದು ಕಡೆ ಎಳೆಯಬಹುದು, ಅದಕ್ಕೇ ಜೋಡಿ. ಪಿನ್ನಿಗೆ ಬ್ರೇಕಿನದೇ ಗ್ರೀಸು ಹಚ್ಚಬೇಕು, ಸಾದಾ ಗ್ರೀಸು ರಬ್ಬರನ್ನು ಉಬ್ಬಿಸಿಬಿಡುತ್ತದೆ. ನೋಡಿದ್ದಕ್ಕೆ ಕೊಟ್ಟ 500 ಸೇರಿ ಒಟ್ಟು 7,700 ರೂಪಾಯಿ.

ಹಾಗಂತ ಸರ್ವಿಸ್ ಸೆಂಟರಿನವರೆಲ್ಲ ಕಳ್ಳರು, ರಸ್ತೆಬದಿಯ ಮಿಸ್ತ್ರಿಗಳೆಲ್ಲ ಋಷಿಗಳು ಅಂತ ನಾನು ಹೇಳುತ್ತಿಲ್ಲ. ಬೇರಿಂಗನ್ನು ಪ್ರೆಸ್ಸಿನಲ್ಲಿ ಒತ್ತಿ ಕೂಡಿಸುವ ಬದಲು ಸುತ್ತಿಗೆಯಲ್ಲಿ ಬಡಿದು ಕೂಡಿಸುವ ಗ್ಯಾರೇಜುಗಳನ್ನು ಕಣ್ಣಾರೆ ಕಂಡಿದ್ದೇನೆ. ಗುಂಡುಗಳು ಓಡುವ ದಾರಿಯಲ್ಲಿ ಏಟಿಗೆ ಗುಳಿ ಬಿದ್ದು, ಹೊಸ ಬೇರಿಂಗು ಬೇಗನೇ ಗೊಣಗತೊಡಗುತ್ತದೆ. 2019ರ ಏಪ್ರಿಲ್‌ನಿಂದ ಮಾರಾಟವಾಗುವ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿದೆ. ಹಲವು ಕಾರುಗಳಲ್ಲಿ ಅದರ ಅಯಸ್ಕಾಂತದ ಪಟ್ಟಿ ಬೇರಿಂಗಿನ ಸೀಲಿನಲ್ಲೇ ಇರುತ್ತದೆ, ತಿರುಗುಮುರುಗಾಗಿ ಕೂಡಿಸಿದರೆ ಎಬಿಎಸ್ಸೇ ಹೋಯಿತು. ಇನ್ನು ಬಿಲ್ಲು? ಕೇಳಿದರೆ ಹಳೇ ಕ್ಯಾಲೆಂಡರಿನ ಹಿಂದೆ ಬರೆದುಕೊಡುತ್ತಾರೆ. ಸೇವೆಗೆ ಬಿಲ್ಲು ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಹೇಳುತ್ತದೆ. ನಾವು ಕೇಳಬೇಕಷ್ಟೆ.

ಆ ಅಡ್ವೈಸರ್ ಹುಡುಗನನ್ನು ಬೈದೂ ಪ್ರಯೋಜನವಿಲ್ಲ. ಒಬ್ಬ ಮೆಕ್ಯಾನಿಕ್ ಒಂದು ಗಂಟೆ ಹುಡುಕಿ, ಡಿಸ್ಕಿನ ಹಿಂದೆ ಸಿಕ್ಕಿದ ಕಲ್ಲನ್ನು ಸ್ಕ್ರೂಡ್ರೈವರಿನಿಂದ ತೆಗೆದು ಕಾರು ಸರಿಮಾಡಿದ ಅಂತಿಟ್ಟುಕೊಳ್ಳಿ. ಅವನಿಗೆ ಸಿಗುವುದೇನು? ನಮ್ಮಿಂದ ಚಹದ ದುಡ್ಡು, ಮ್ಯಾನೇಜರಿನಿಂದ ಬೈಗುಳ. ಅದೇ ಬೇರಿಂಗು ಬದಲಾಯಿಸಿದರೆ ಬಿಲ್ಲು ದೊಡ್ಡದು, ಎಲ್ಲರಿಗೂ ಸಂತೋಷ. ಹುಡುಕುವ ಜಾಣತನಕ್ಕೆ ಬೆಲೆಯಿಲ್ಲದ ಕಡೆ ಆ ಜಾಣತನ ಕಲಿಯುವವರೂ ಕಮ್ಮಿಯಾಗುತ್ತಾರೆ. ಡಾಕ್ಟರು ಮಾತ್ರೆ ಬರೆಯದೆ ಏನೂ ಆಗಿಲ್ಲ ಹೋಗಿ ಅಂದರೂ ಅವರ ಫೀಸು ಕೊಟ್ಟು ನೆಮ್ಮದಿಯಾಗಿ ಬರುವ ನಾವು, ಮೆಕ್ಯಾನಿಕ್ ‘ಪಾರ್ಟು ಬೇಡ’ ಅಂದರೆ ಕೈ ಮುಗಿದು ಹೊರಟುಬಿಡುತ್ತೇವೆ.

ಅದಕ್ಕೇ ಈಚೆಗೆ ನನ್ನದೊಂದು ಕ್ರಮ. ಸದ್ದು ಯಾವಾಗ ಬರುತ್ತದೆ ಅಂತ ಚೀಟಿಯಲ್ಲಿ ಬರೆದು ಒಯ್ಯುತ್ತೇನೆ: ಎಷ್ಟು ವೇಗದಲ್ಲಿ, ಯಾವ ತಿರುವಿನಲ್ಲಿ, ಬ್ರೇಕ್ ಒತ್ತಿದಾಗಲೋ ಬಿಟ್ಟಾಗಲೋ. ಓಡಿಸಿ ನೋಡುವವನ ಪಕ್ಕ ನಾನೂ ಕೂರುತ್ತೇನೆ. ಹುಡುಕುವುದಕ್ಕೆ ಬೇರೆ ದುಡ್ಡು ಅಂತ ಮೊದಲೇ ಹೇಳುತ್ತೇನೆ. ಯಾವ ಪಾರ್ಟು, ಯಾಕೆ ಹೋಯಿತು ಅನ್ನುವ ಎರಡು ಪ್ರಶ್ನೆಗೂ ಉತ್ತರ ಬಂದ ಮೇಲೆಯೇ ಒಪ್ಪಿಗೆ, ಬಿಚ್ಚಿದ ಹಳೇ ಪಾರ್ಟು ಡಿಕ್ಕಿಯಲ್ಲಿ ಬರಬೇಕು. ಮಳೆಗಾಲ ಮುಗಿದ ಮೇಲೆ ನಾಲ್ಕೂ ಚಕ್ರ ಬಿಚ್ಚಿಸಿ, ಮುಂದಿನ ಕ್ಯಾಲಿಪರಿನ ಪಿನ್ನು ತೊಳೆಸಿ ಗ್ರೀಸು ಹಾಕಿಸುವುದನ್ನು ಸೇರಿಸಿಕೊಂಡಿದ್ದೇನೆ.

ನಮ್ಮ ಮಿಸ್ತ್ರಿಗೆ ಈಗೊಂದು ಬಿಲ್ ಬುಕ್ ಆಗಿದೆ. ಮೊನ್ನೆ ನೋಡಿದೆ, ‘ಚೆಕಿಂಗ್ – 500’ ಅಂತ ಮೇಲಿನ ಸಾಲಿನಲ್ಲೇ ಬರೆಯುತ್ತಾನೆ. ಪುಣೆ, ಹೈದರಾಬಾದು, ಚೆನ್ನೈ ಕಡೆಯವರು ಹೇಳಿ, ನಿಮ್ಮ ಗ್ಯಾರೇಜುಗಳಲ್ಲಿ ಇಂಥ ಸಾಲು ಎಲ್ಲಾದರೂ ಉಂಟೇ?