ಫಲಿತಾಂಶದ ಶೇಕಡಾವಾರು ಮತ್ತು ಪ್ರೌಢಶಾಲೆಯ ಮಕ್ಕಳ ಹಿನ್ನೆಲೆ

ಪ್ರತಿವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದೊಡನೆ ಜಿಲ್ಲೆಗಳನ್ನು ಶ್ರೇಣೀಕರಿಸುವ ಪಟ್ಟಿಯೊಂದು ಸಾರ್ವಜನಿಕ ಚರ್ಚೆಯ ಕೇಂದ್ರಕ್ಕೆ ಬರುತ್ತದೆ. 2024ರಲ್ಲಿ ಶೇ. 94ರಷ್ಟು ಫಲಿತಾಂಶ ಪಡೆದ ಉಡುಪಿ ಮೊದಲ ಸ್ಥಾನದಲ್ಲಿತ್ತು; ಶೇ. 50.59 ಪಡೆದ ಯಾದಗಿರಿ ಕೊನೆಯ ಸ್ಥಾನದಲ್ಲಿತ್ತು. 2025ರಲ್ಲಿ ದಕ್ಷಿಣ ಕನ್ನಡ ಮೊದಲನೆಯದಾಯಿತು, ಕಲಬುರಗಿ ಕೊನೆಯದಾಯಿತು. ಹೆಸರುಗಳು ಬದಲಾದರೂ ಕರಾವಳಿ ಮೇಲೆ, ಕಲ್ಯಾಣ ಕರ್ನಾಟಕ ಕೆಳಗೆ ಎಂಬ ವಿನ್ಯಾಸ ಬದಲಾಗಲಿಲ್ಲ. ಈ ಪಟ್ಟಿಯನ್ನು ಶಾಲೆಗಳ ಕಾರ್ಯಕ್ಷಮತೆಯ ಅಳತೆಗೋಲೆಂದು ಓದುವ ರೂಢಿ ಬಲವಾಗಿದೆ. ಅದು ನಿಜಕ್ಕೂ ಏನನ್ನು ಅಳೆಯುತ್ತಿದೆ ಎಂಬ ಪ್ರಶ್ನೆ ಮಾತ್ರ ಹಿಂದೆ ಸರಿದಿದೆ.

2011ರ ಜನಗಣತಿಯಂತೆ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88.57, ಉಡುಪಿಯದು ಶೇ. 86.24, ಯಾದಗಿರಿಯದು ಶೇ. 51.83. 2024ರಲ್ಲಿ ಪರೀಕ್ಷೆಗೆ ಕುಳಿತ ಮಕ್ಕಳು ಆ ಗಣತಿಯ ಹೊತ್ತಿಗೆ ಮೂರು ವರ್ಷದ ಆಸುಪಾಸಿನ ಕೂಸುಗಳು. ಅಂದರೆ ಅಂದು ಅನಕ್ಷರಸ್ಥರೆಂದು ದಾಖಲಾದವರಲ್ಲಿ ಇಂದಿನ ವಿದ್ಯಾರ್ಥಿಗಳ ತಂದೆತಾಯಿಯರೂ ಅಜ್ಜ ಅಜ್ಜಿಯರೂ ಇದ್ದಾರೆ. ಜಿಲ್ಲೆಯ ಸರಾಸರಿಯಿಂದ ಒಬ್ಬ ವಿದ್ಯಾರ್ಥಿಯ ಮನೆಯನ್ನು ಊಹಿಸಲಾಗದು ಎಂಬುದು ನಿಜ. ಆದರೂ ಮಗುವಿನ ಅಂಕಪಟ್ಟಿಯಲ್ಲಿ ಹಿಂದಿನ ತಲೆಮಾರಿನ ವಂಚನೆಯೂ ಮೌಲ್ಯಮಾಪನಗೊಳ್ಳುತ್ತಿದೆ ಎಂಬ ಅನುಮಾನವನ್ನು ಈ ಅಂಕಿಗಳು ಗಟ್ಟಿಗೊಳಿಸುತ್ತವೆ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ತಾಲ್ಲೂಕುಗಳ ಹಿಂದುಳಿದಿರುವಿಕೆಯನ್ನು ಗುರುತಿಸಿದಾಗ ಇಂದಿನ ಈ ಮಕ್ಕಳು ಹುಟ್ಟಿಯೇ ಇರಲಿಲ್ಲ.

ಶೇಕಡಾವಾರು ಎಂಬುದು ಸ್ಥಿರವಾದ ಅಳತೆಯೂ ಅಲ್ಲ. 2023ರಲ್ಲಿ ಮೊದಲ ಸ್ಥಾನದಲ್ಲಿದ್ದ ಚಿತ್ರದುರ್ಗ, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಇಪ್ಪತ್ತರ ಆಚೆಗೆ ಸರಿಯಿತು. ಒಂದೇ ವರ್ಷದಲ್ಲಿ ಅಲ್ಲಿನ ಬೋಧನೆ ಅಷ್ಟು ಕುಸಿಯಿತೆಂದು ಯಾರೂ ವಾದಿಸಲಾರರು. ಅದೇ ವರ್ಷ ಹೆಚ್ಚಿನ ಕೃಪಾಂಕ ನೀಡಿದ ಬಳಿಕವೇ ರಾಜ್ಯದ ಫಲಿತಾಂಶ ಶೇ. 73.40ನ್ನು ಮುಟ್ಟಿತು. ಇದಲ್ಲದೆ ಈ ಲೆಕ್ಕದೊಳಗೆ ಬರುವವರು ಪರೀಕ್ಷೆಗೆ ನೋಂದಾಯಿಸಿಕೊಂಡವರು ಮಾತ್ರ. ಹೆತ್ತವರೊಡನೆ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋದ ಮಗು, ಹತ್ತಿ ಬಿಡಿಸಲು ಹೋಗಿ ಶಾಲೆ ತಪ್ಪಿದ ಹುಡುಗ, ಒಂಬತ್ತನೆಯ ತರಗತಿಯಲ್ಲೇ ಮದುವೆಯಾಗಿ ಹೋದ ಹುಡುಗಿ ಇವರಾರೂ ಅನುತ್ತೀರ್ಣರ ಸಾಲಿನಲ್ಲೂ ಕಾಣಿಸುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಖಾತರಿ ಹದಿನಾಲ್ಕು ವರ್ಷಕ್ಕೆ, ಎಂದರೆ ಎಂಟನೆಯ ತರಗತಿಯ ಹೊತ್ತಿಗೆ, ಮುಗಿಯುತ್ತದೆ. ಮಗು ಕೈತಪ್ಪಿಹೋಗುವ ವಯಸ್ಸಿನಲ್ಲೇ ಕಾನೂನೂ ಕೈಬಿಡುತ್ತದೆ.

ಈ ಚರ್ಚೆಯಲ್ಲಿ ಭಾಷೆಯ ಪ್ರಶ್ನೆ ಕನ್ನಡ ಅಧ್ಯಯನಕ್ಕೆ ನೇರವಾಗಿ ಸಂಬಂಧಿಸಿದುದು. ಪರೀಕ್ಷೆಯ ಒಟ್ಟು 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125 ಅಂಕಗಳಿವೆ. ಯಾದಗಿರಿ, ರಾಯಚೂರು, ಕಲಬುರಗಿಗಳ ಸರ್ಕಾರಿ ಪ್ರೌಢಶಾಲೆಗಳ ಕನ್ನಡ ತರಗತಿಯಲ್ಲಿ ಮನೆಮಾತು ಲಂಬಾಣಿ, ತೆಲುಗು, ಉರ್ದು ಆಗಿರುವ ಮಕ್ಕಳಿದ್ದಾರೆ. ಕನ್ನಡವೇ ಮನೆಮಾತಾದವರ ಕನ್ನಡವೂ ಪಠ್ಯಪುಸ್ತಕದ ಕನ್ನಡವಲ್ಲ. ಹಾಗೆಂದು ಮನೆಮಾತಿನ ಭಿನ್ನತೆಯನ್ನೇ ಸೋಲಿನ ಕಾರಣವೆಂದು ಹೇಳಲಾಗದು. ಉಡುಪಿಯ ಅನೇಕ ಮಕ್ಕಳು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುತ್ತ ಬೆಳೆದವರು. ಕುಂದಾಪುರದ ಕನ್ನಡವೂ ಪಠ್ಯದ ಕನ್ನಡದಿಂದ ದೂರವೇ ಇದೆ. ವ್ಯತ್ಯಾಸವಿರುವುದು ಮನೆಯ ಭಾಷೆಗೂ ಶಾಲೆಯ ಭಾಷೆಗೂ ನಡುವೆ ಸೇತುವೆಯಾಗಬಲ್ಲ ಅಕ್ಷರಸ್ಥರೊಬ್ಬರು ಮನೆಯಲ್ಲಿದ್ದಾರೆಯೇ ಎಂಬಲ್ಲಿ. ಮಂಗಳೂರಿನಲ್ಲಿ 1834ರಲ್ಲಿ ಕೆಲಸ ಆರಂಭಿಸಿದ ಬಾಸೆಲ್ ಮಿಶನ್ನಿನ ಕಾಲದಿಂದ ಕರಾವಳಿಗೆ ದೊರೆತ ಆಧುನಿಕ ಶಾಲಾ ಪರಂಪರೆ, ಉರ್ದು ಆಡಳಿತ ಭಾಷೆಯಾಗಿದ್ದ ನಿಜಾಮರ ಸೀಮೆಯ ಕನ್ನಡಿಗರಿಗೆ ದೊರೆಯಲಿಲ್ಲ. ಬರೆಹದ ಕನ್ನಡ ಯಾರಿಗೆ ಎಟುಕುತ್ತದೆ ಎಂದು ಡಿ.ಎನ್. ಶಂಕರ ಭಟ್ಟರು ಎತ್ತಿದ ಪ್ರಶ್ನೆಯನ್ನು ವ್ಯಾಕರಣದ ವಾಗ್ವಾದವಾಗಿ ಮಾತ್ರ ನೋಡಿದ್ದರಿಂದ ಅದರ ಸಾಮಾಜಿಕ ಮುಖ ಮಸುಕಾಯಿತು.

ಹಿನ್ನೆಲೆಗೆ ಒತ್ತುಕೊಟ್ಟರೆ ಶಾಲೆ ತನ್ನ ಹೊಣೆಯಿಂದ ನುಣುಚಿಕೊಳ್ಳುತ್ತದೆ ಎಂಬ ಆಕ್ಷೇಪವಿದೆ. ಅಮೆರಿಕದಲ್ಲಿ 1966ರ ಕೋಲ್‌ಮನ್ ವರದಿಯು ಕುಟುಂಬದ ಹಿನ್ನೆಲೆಯ ಪ್ರಭಾವವನ್ನು ಮುಂದಿಟ್ಟಾಗಲೂ ಅದನ್ನು ಶಾಲೆಗಳ ಅಸಹಾಯಕತೆಯ ಸಮರ್ಥನೆಯಾಗಿ ಓದಿದವರಿದ್ದರು. ಆದರೆ ಹಿನ್ನೆಲೆಯನ್ನು ತಿಳಿಯುವುದು ಹೊಣೆಯನ್ನು ಕಳಚಿಕೊಳ್ಳುವುದಲ್ಲ, ಅದನ್ನು ಸರಿಯಾಗಿ ಹಂಚುವುದು. ಮೊದಲ ತಲೆಮಾರಿನ ಮಕ್ಕಳೇ ತುಂಬಿರುವ ಶಾಲೆಯ ಶೇ. 60, ಓದಿದ ಮನೆಗಳ ಮಕ್ಕಳಿರುವ ಶಾಲೆಯ ಶೇ. 90ಕ್ಕಿಂತ ಹೆಚ್ಚಿನ ಬೋಧನೆಯ ಫಲವಾಗಿರಬಹುದು. ಇಂದಿನ ಶ್ರೇಣಿ ಆ ಶಿಕ್ಷಕರನ್ನು ಅಪರಾಧಿ ಸ್ಥಾನದಲ್ಲಿ ನಿಲ್ಲಿಸುತ್ತದೆ. ಹುದ್ದೆ ಖಾಲಿ ಬಿಟ್ಟ ವ್ಯವಸ್ಥೆಯನ್ನು ಪ್ರಶ್ನಿಸುವುದಿಲ್ಲ.

ಆದ್ದರಿಂದ ಫಲಿತಾಂಶದೊಂದಿಗೆ ಎಂಟನೆಯ ತರಗತಿಗೆ ದಾಖಲಾದವರಲ್ಲಿ ಎಷ್ಟು ಮಂದಿ ಪರೀಕ್ಷೆ ತಲುಪಿದರು, ಅವರಲ್ಲಿ ಮೊದಲ ತಲೆಮಾರಿನವರೆಷ್ಟು, ಮನೆಮಾತು ಯಾವುದು ಎಂಬ ವಿವರಗಳೂ ಶಾಲಾವಾರು ಪ್ರಕಟವಾಗಬೇಕು. ಕನ್ನಡ ವಿಭಾಗಗಳ ಪಾಲಿನ ಕೆಲಸವೂ ಇದೆ. ಕಲಬುರಗಿ ಸೀಮೆಯ ಕನ್ನಡವನ್ನು ಉಪಭಾಷೆಯೆಂದು ವಿವರಿಸಿ, ಅಲ್ಲಿನ ಹಾಡು ಕಥೆಗಳನ್ನು ಸಂಗ್ರಹಿಸಿ ಪದವಿ ನೀಡಿದ ವಿಭಾಗಗಳು ಅದೇ ನುಡಿಯ ಮಗು ಹತ್ತನೆಯ ತರಗತಿಯ ಕನ್ನಡ ಉತ್ತರಪತ್ರಿಕೆಯಲ್ಲಿ ಎಲ್ಲಿ ತಡವರಿಸುತ್ತದೆ ಎಂಬುದನ್ನು ಸಂಶೋಧನೆಯ ವಸ್ತುವಾಗಿ ಹೆಚ್ಚು ಪರಿಗಣಿಸಿಲ್ಲ. ಆ ಉತ್ತರಪತ್ರಿಕೆಯೂ ಕನ್ನಡದ ಒಂದು ಪಠ್ಯ. ಅದನ್ನು ಓದದೆ ಕನ್ನಡದ ಭವಿಷ್ಯವನ್ನು ಕುರಿತು ನಡೆಸುವ ಚಿಂತನೆ ಅಪೂರ್ಣವಾಗಿಯೇ ಉಳಿಯುತ್ತದೆ.